ಗೇಣಿಚೀಟಿನಿಂದ ಫ್ರಾಂಚೈಸಿ ಕರಾರಿನವರೆಗೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಂಘಗಳ ಸ್ಥಾಪನೆ, ನಾಟಕಪ್ರಯೋಗಗಳು, ಮಹನೀಯರ ಆಗಮನ ಮೊದಲಾದುವನ್ನು ಕ್ರಮವಾಗಿ ನಿರೂಪಿಸುವುದುಂಟು. ಅದು ಆಗಬೇಕಾದ ಕೆಲಸವೇ ಸರಿ. ಆದರೆ ಮುಂಬಯಿ, ಠಾಣೆ, ಕಲ್ಯಾಣ ಸೀಮೆಗೆ ಬಂದ ನಮ್ಮ ಹಿರಿಯರಲ್ಲಿ ಬಹುಮಂದಿಯ ಬಾಳು ಕಳೆದದ್ದು ಹೊಟೇಲಿನ ಒಲೆಯ ಮುಂದೆ ಅಥವಾ ಗಲ್ಲಾಪೆಟ್ಟಿಗೆಯ ಹಿಂದೆ. ಆ ಬಾಳಿನ ಏಳುಬೀಳುಗಳಿಗೆ ಸಾಕ್ಷಿಯಾಗಿ ಉಳಿದಿರುವುದು ಹಳೆಯ ಟ್ರಂಕುಗಳಲ್ಲಿ ಮಡಿಸಿಟ್ಟ ಸ್ಟಾಂಪು ಕಾಗದಗಳು. ಅಂಥ ಕಾಗದಗಳ ಕೊನೆಯಲ್ಲಿ ಬರುವ ಒಂದು ಮಾತಿನ ಚರಿತ್ರೆಯನ್ನು ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ಸ್ಥೂಲವಾಗಿ ವಿಚಾರಿಸೋಣವೆಂದು ನಮ್ಮ ಉದ್ದೇಶ. ‘ಈ ಸ್ಥಳದ ಮೇಲಾಗಲಿ ವ್ಯಾಪಾರದ ಮೇಲಾಗಲಿ ನನಗೆ ಯಾವ ಹಕ್ಕೂ ಇಲ್ಲ, ಮುಂದೆಯೂ ಯಾವ ತಕರಾರೂ ಮಾಡುವುದಿಲ್ಲ’ ಎಂಬುದೇ ಆ ಮಾತು.

ಈ ಮಾತನ್ನು ನಮ್ಮವರು ಮೂರು ಕಾಲಗಳಲ್ಲಿ, ಮೂರು ಬಗೆಯ ಕಾಗದಗಳ ಮೇಲೆ ಒಪ್ಪಿಕೊಂಡಿದ್ದಾರೆ. ಊರಿನಲ್ಲಿ ಗದ್ದೆಯ ಗೇಣಿಚೀಟು, ಮುಂಬಯಿಯಲ್ಲಿ ಹೊಟೇಲಿನ ಕಂಡಕ್ಟಿಂಗ್ ಕರಾರು, ಇಂದು ದೊಡ್ಡ ಕಂಪೆನಿಗಳ ಫ್ರಾಂಚೈಸಿ ಕರಾರು. ಹೆಸರು ಬದಲಾಯಿತು, ಭಾಷೆ ಬದಲಾಯಿತು. ಮಾತಿನ ತಿರುಳು ಮಾತ್ರ ಹೆಚ್ಚು ಬದಲಾಗಲಿಲ್ಲ.

ಊರಿನ ಗೇಣಿ

ದಕ್ಷಿಣ ಕನ್ನಡ ಜಿಲ್ಲೆಯಿಂದ ಬಂದ ಮನೆತನಗಳಿಗೆ ಮೂಲಗೇಣಿ, ಚಾಲಗೇಣಿ ಎಂಬ ಶಬ್ದಗಳನ್ನು ವಿವರಿಸಬೇಕಾಗಿಲ್ಲ. ಮೂಲಗೇಣಿದಾರನದು ತಲೆಮಾರಿನಿಂದ ತಲೆಮಾರಿಗೆ ಸಲ್ಲುವ ಹಕ್ಕು. ಚಾಲಗೇಣಿದಾರನದು ಧನಿಯ ಮನಸ್ಸು ಇರುವಷ್ಟು ದಿನದ ಸಾಗುವಳಿ. ತಾನು ಕಡಿದ ಗುಡ್ಡ, ತಾನು ನೆಟ್ಟ ತೆಂಗು ಆದರೂ ಬಿಡು ಎಂದಾಗ ಬಿಟ್ಟು ಹೊರಡಬೇಕಾದ ಸ್ಥಿತಿ ಅವನದು. ಮುಂಬಯಿಯ ಹಡಗು ಹತ್ತಿದವರಲ್ಲಿ ಇಂಥ ಒಕ್ಕಲುಮನೆಗಳ ಮಕ್ಕಳು ಬಹಳ ಮಂದಿ.

ಉತ್ತರದ ಕಡೆಯವರ ಸಂಗತಿ ಸ್ವಲ್ಪ ಬೇರೆ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಸೀಮೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತದಲ್ಲಿಯೇ ಇದ್ದುವಷ್ಟೆ. ಆದ್ದರಿಂದ 1948ರ ಮುಂಬಯಿ ಕೂಳಕಾಯಿದೆ ಈ ಠಾಣೆ ಜಿಲ್ಲೆಯ ಒಕ್ಕಲಿಗನಿಗೆ ಹೇಗೋ ಹಾಗೆ ಧಾರವಾಡದ ಒಕ್ಕಲಿಗನಿಗೂ ಅನ್ವಯಿಸುತ್ತಿತ್ತು. ಆ ಕಾಯಿದೆಯ 15ನೆಯ ಕಲಮು ಗಮನಿಸತಕ್ಕದ್ದು. ಒಕ್ಕಲಾದವನು ತನ್ನ ಹಕ್ಕನ್ನು ಒಡೆಯನಿಗೆ ಬಿಟ್ಟುಕೊಡಬಹುದು. ಆದರೆ ಬರಹದಲ್ಲಿ ಬಿಟ್ಟುಕೊಡಬೇಕು, ಮತ್ತು ಆ ಬರಹವನ್ನು ಮಾಮಲೇದಾರರ ಮುಂದೆ ಪರಿಶೀಲಿಸಿರಬೇಕು. ಒಡೆಯನ ಪಡಸಾಲೆಯಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟಿನ ಗುರುತಷ್ಟೇ ಸಾಲದು ಎಂಬುದು ಇದರ ಅರ್ಥ. ಬಿಟ್ಟುಕೊಡುವವನು ತಿಳಿದು, ಹೆದರದೆ ಬಿಟ್ಟುಕೊಟ್ಟನೇ ಎಂದು ಮೂರನೆಯವನೊಬ್ಬ ಕೇಳಬೇಕೆಂಬ ವಿವೇಕ ಅದರಲ್ಲಿತ್ತು.

ಮುಂದೆ ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿಗಳೆಲ್ಲ ಸರಕಾರಕ್ಕೆ ಸೇರಿ, ಗೇಣಿದಾರರು 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಹಕ್ಕು ಪಡೆಯುವಂತಾಯಿತು. ನಮ್ಮ ಊರುಗಳಲ್ಲಿ ಅದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎಂದೇ ಹೆಸರಾಯಿತು. ಊರಿನ ಚಾಲಗೇಣಿ ಹೀಗೆ ಕೊನೆಗಂಡಿತು. ಇತ್ತ ಮುಂಬಯಿಯಲ್ಲಿ ಅದೇ ಮನೆತನದವರು ಬೇರೊಂದು ಬಗೆಯ ಚಾಲಗೇಣಿಯನ್ನು ಹೊಟೇಲಿನಲ್ಲಿ ನಡೆಸುತ್ತಿದ್ದರು.

ಮುಂಬಯಿಯ ಕಂಡಕ್ಟಿಂಗ್

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಓಡಿದ ರೈಲು ಮರುವರ್ಷವೇ ಕಲ್ಯಾಣವನ್ನು ಮುಟ್ಟಿತು. ಡೊಂಬಿವಲಿಗೂ ಕಲ್ಯಾಣಕ್ಕೂ ನಡುವಣ ನಮ್ಮ ಠಾಕುರ್ಲಿ ಬೆಳೆದದ್ದು ಆ ಹಳಿಯ ಮಗ್ಗುಲಲ್ಲಿಯೇ. ಜಿ.ಐ.ಪಿ. ರೈಲ್ವೆಯವರು ವಿದ್ಯುತ್ ಗಾಡಿಗಳಿಗಾಗಿ ಇಲ್ಲಿಯ ಚೋಳೆಯಲ್ಲಿ ಕಟ್ಟಿದ ವಿದ್ಯುದಾಗಾರ ಈಗ ನಿಂತುಹೋಗಿದೆಯಾದರೂ ಒಂದು ಕಾಲಕ್ಕೆ ಅದೇ ಊರಿನ ಗುರುತಾಗಿತ್ತು. ಪಾಳಿಯ ಕೆಲಸವಿದ್ದಲ್ಲಿ ಬೆಳಗಿನ ಜಾವದ ಚಹ ಬೇಕು, ಬಿಸಿ ಉಪಾಹಾರ ಬೇಕು. ಮಾಟುಂಗದಲ್ಲಿ 1942ರಲ್ಲಿ ಎ. ರಾಮನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಮನೆಗಳು ಹೆಸರು ಮಾಡಿದ ಮೇಲೆ, ಅದೇ ರುಚಿ ರೈಲಿನ ಹಳಿ ಹಿಡಿದು ಉಪನಗರಗಳಿಗೂ ಬಂದಿತು.

‘ಉಡುಪಿ’ ಎಂಬ ಹೆಸರು ಯಾರೊಬ್ಬರ ಸೊತ್ತೂ ಆಗಿರಲಿಲ್ಲವೆಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಆ ಫಲಕ ಹಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಯಾರಿಗೂ ಕಪ್ಪಕಾಣಿಕೆ ಸಲ್ಲಿಸಬೇಕಿರಲಿಲ್ಲ. ಕೈಯಲ್ಲಿ ಅಡುಗೆಯ ವಿದ್ಯೆ, ಮನಸ್ಸಿನಲ್ಲಿ ಧೈರ್ಯ ಇದ್ದರೆ ಸಾಕು. ಕೊರತೆಯಿದ್ದದ್ದು ಜಾಗಕ್ಕೆ ಮತ್ತು ಪರವಾನಗಿಗೆ. ಜಾಗವಿದ್ದವನಿಗೆ ವಯಸ್ಸಾಗಿರುತ್ತಿತ್ತು, ಅಥವಾ ಊರಿಗೆ ಹೋಗಿ ನೆಲೆಸುವ ಆಸೆ ಹುಟ್ಟಿರುತ್ತಿತ್ತು. ಕೈಕೆಲಸ ಕಲಿತ ತರುಣನಿಗೆ ಜಾಗವಿರುತ್ತಿರಲಿಲ್ಲ. ಇವರಿಬ್ಬರ ನಡುವೆ ಹುಟ್ಟಿದ್ದೇ ಕಂಡಕ್ಟಿಂಗ್ ಪದ್ಧತಿ.

ಇದರ ಕ್ರಮ ಹೀಗೆ: ಹೊಟೇಲು ಮಾಲಿಕನದೇ, ಪರವಾನಗಿಗಳೆಲ್ಲ ಅವನ ಹೆಸರಿನಲ್ಲಿಯೇ. ಕಂಡಕ್ಟರನು ಒಂದು ಡಿಪಾಜಿಟ್ಟು ಇಟ್ಟು, ತಿಂಗಳಿಗೆ ಇಂತಿಷ್ಟು ಎಂದು ಹಣ ಕೊಟ್ಟು, ನಡೆಯುತ್ತಿರುವ ವ್ಯಾಪಾರವನ್ನು ತಾನು ನಡೆಸುವನು. ಆ ಹಣವನ್ನು ಬಾಡಿಗೆ ಎಂದು ಬರೆಯುವಂತಿಲ್ಲ. ‘ರಾಯಲ್ಟಿ’ ಎಂದು ಬರೆಯುವ ರೂಢಿ ಬಂತು. ಮೇಜು, ಕುರ್ಚಿ, ಇಡ್ಲಿಯ ಪಾತ್ರೆ, ರುಬ್ಬುವ ಕಲ್ಲು ಇವುಗಳ ಪಟ್ಟಿಯನ್ನು ಕರಾರಿಗೆ ಹಚ್ಚುವರು. ಅವಧಿ ಬಹುಶಃ 11 ತಿಂಗಳು. ಒಂದು ವರ್ಷಕ್ಕೆ ಮೀರಿದ ಗೇಣಿಗೆ 1908ರ ಕಾಯಿದೆಯಂತೆ ನೋಂದಣಿ ಆವಶ್ಯಕವಾದುದರಿಂದ ಈ ಲೆಕ್ಕ. ಕೊನೆಯಲ್ಲಿ, ನಾವು ಮೊದಲು ಹೇಳಿದ ಆ ಮಾತು.

ಹೀಗೆ ಬರೆಯುವುದಕ್ಕೆ ಕಾರಣವಿತ್ತು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆದಾರನನ್ನು ಸುಲಭವಾಗಿ ಎಬ್ಬಿಸಲು ಬಿಡುತ್ತಿರಲಿಲ್ಲ. ಆದುದರಿಂದ ಜಾಗ ಕೊಡುವವರು ‘ಇವನು ಬಾಡಿಗೆದಾರನಲ್ಲ, ಬರಿಯ ಲೈಸೆನ್ಸುದಾರ’ ಎಂದು ಬರೆಯಿಸತೊಡಗಿದರು. ಈ ಚಾತುರ್ಯಕ್ಕೆ ಉತ್ತರವಾಗಿ 1973ರಲ್ಲಿ ಮಹಾರಾಷ್ಟ್ರ ಸರಕಾರ ಆ ಕಾಯಿದೆಯನ್ನು ತಿದ್ದಿ, ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಕರಾರಿನ ಮೇಲೆ ಜಾಗದಲ್ಲಿದ್ದ ಲೈಸೆನ್ಸುದಾರನನ್ನು ಬಾಡಿಗೆದಾರನೆಂದೇ ಭಾವಿಸತಕ್ಕದ್ದು ಎಂದಿತು. ಆದರೆ ಅದೇ ತಿದ್ದುಪಡಿ, ಒಡೆಯನಿಗೆ ಸೇರಿದ ನಡೆಯುತ್ತಿರುವ ವ್ಯಾಪಾರವನ್ನು ನಡೆಸುವವನು ಲೈಸೆನ್ಸುದಾರನಲ್ಲ ಎಂದೂ ಹೇಳಿತು. ಕೋಣೆಯಲ್ಲಿದ್ದವನಿಗೆ ರಕ್ಷಣೆ ಸಿಕ್ಕಿತು; ಕಂಡಕ್ಟರನು ಹೊರಗುಳಿದನು. ‘ನಡೆಯುತ್ತಿರುವ ವ್ಯಾಪಾರ’ ಎಂಬ ಎರಡು ಶಬ್ದಗಳ ಮೇಲೆ ಎಷ್ಟೋ ಕುಟುಂಬಗಳ ಗತಿ ನಿಂತಿತು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ವ್ಯವಹಾರದಲ್ಲಿ ಮಾಲಿಕರೂ ನಮ್ಮವರೇ, ಕಂಡಕ್ಟರರೂ ನಮ್ಮವರೇ. ಒಂದೇ ಊರಿನವರು, ಅನೇಕ ವೇಳೆ ಬೀಗರು. ‘ನಮ್ಮೊಳಗೆ ಕಾಗದವೇಕೆ’ ಎಂದು ಬರಿಯ ಸ್ಟಾಂಪು ಕಾಗದಕ್ಕೆ ಸಹಿ ಹಾಕಿಸಿಕೊಂಡವರುಂಟು. ಹತ್ತಾರು ವರ್ಷ ನಂಬಿ ಬಿಟ್ಟ ಹೊಟೇಲನ್ನು ಮರಳಿ ಪಡೆಯಲಾರದೆ ಕೋರ್ಟಿನ ಮೆಟ್ಟಿಲಲ್ಲಿ ಮುದುಕರಾದ ಮಾಲಿಕರೂ ಉಂಟು. ದೋಷ ಒಂದೇ ಕಡೆ ಇತ್ತೆಂದು ಹೇಳುವುದು ಚರಿತ್ರೆಗೆ ಅನ್ಯಾಯ ಮಾಡಿದಂತಾಗುವುದು.

ಕಾಯಿದೆ ಎಳೆದ ಗೆರೆ

ಹಾಗಾದರೆ, ‘ನನಗೆ ಹಕ್ಕಿಲ್ಲ’ ಎಂದು ಬರೆದುಕೊಟ್ಟ ಮಾತ್ರಕ್ಕೆ ಹಕ್ಕು ಹೋಗುವುದೆ? ನ್ಯಾಯಸ್ಥಾನಗಳು ಈ ಪ್ರಶ್ನೆಗೆ ಕೊಟ್ಟ ಉತ್ತರ ನಮ್ಮ ಜನ ತಿಳಿದಿರಬೇಕಾದದ್ದು.

ಮೊದಲನೆಯದಾಗಿ, ಕಾಗದಕ್ಕೆ ಇಟ್ಟ ಹೆಸರು ಮುಖ್ಯವಲ್ಲ, ವ್ಯವಹಾರದ ತಿರುಳು ಮುಖ್ಯ. ದೆಹಲಿಯ ಇಂಪೀರಿಯಲ್ ಹೊಟೇಲಿನ ಕೋಣೆಗಳಲ್ಲಿ ಕ್ಷೌರದ ಅಂಗಡಿ ನಡೆಸುತ್ತಿದ್ದವನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1959ರಲ್ಲಿ, ಪತ್ರದಲ್ಲಿ ಲೈಸೆನ್ಸು ಎಂದಿದ್ದರೂ ಅದು ಗೇಣಿಯೇ ಎಂದು ತೀರ್ಮಾನಿಸಿತು.

ಎರಡನೆಯದಾಗಿ, ಬಿಡಬಹುದಾದ ಹಕ್ಕು ಬೇರೆ, ಬಿಡಲಾಗದ ಹಕ್ಕು ಬೇರೆ. ಒಬ್ಬನ ಸ್ವಂತ ಅನುಕೂಲಕ್ಕಾಗಿ ಮಾತ್ರ ಕಾಯಿದೆ ಕೊಟ್ಟದ್ದನ್ನು ಅವನು ಬಿಟ್ಟುಕೊಡಬಹುದು. ಉತ್ತರ ಪ್ರದೇಶದ ಮನೆಯೊಡೆಯನೊಬ್ಬನು ಹೊಸ ಕಟ್ಟಡಕ್ಕಿದ್ದ ವಿನಾಯಿತಿಯನ್ನು ತಾನೇ ಕರಾರಿನಲ್ಲಿ ಬಿಟ್ಟುಕೊಟ್ಟದ್ದು ಸಿಂಧುವೆಂದು 1971ರಲ್ಲಿ ತೀರ್ಪಾಯಿತು. ಆದರೆ ಸಮಾಜದ ಹಿತಕ್ಕಾಗಿ ಹಾಕಿದ ಕಟ್ಟನ್ನು ಇಬ್ಬರು ಒಪ್ಪಿಕೊಂಡ ಮಾತ್ರಕ್ಕೆ ಬಿಚ್ಚಲಾಗದು. ಅಲಹಾಬಾದಿನ ಸಿನಿಮಾ ಮಂದಿರವೊಂದರ ಗೇಣಿಪತ್ರದಲ್ಲಿ ಬಾಡಿಗೆ ಕಾಯಿದೆಯ ರಕ್ಷಣೆ ಬೇಡವೆಂದು ಬರೆದಿದ್ದರೂ ಆ ಬರಹ ನಿಲ್ಲದೆಂದು 1974ರಲ್ಲಿ ಅದೇ ನ್ಯಾಯಾಲಯ ಹೇಳಿತು. ಈ ನಿಯಮ ಎರಡು ಅಲಗಿನ ಕತ್ತಿಯೂ ಹೌದು. ನಮ್ಮ ಮುಂಬಯಿ ಕಾಯಿದೆಯ ಕೆಳಗೆ 1959ರಲ್ಲಿ ತೀರ್ಮಾನವಾದ ಕಿಣಿ ವಿರುದ್ಧ ರತಿಲಾಲ್ ಭಗವಾನದಾಸ್ ಕಂಪೆನಿಯ ಪ್ರಕರಣದಲ್ಲಿ, ಒಳಬಾಡಿಗೆಗೆ ಒಡೆಯನೇ ಸಮ್ಮತಿಸಿದ್ದನೆಂಬ ಬಾಡಿಗೆದಾರನ ವಾದ ಸಲ್ಲಲಿಲ್ಲ. ಕಾಯಿದೆ ನಿಷೇಧಿಸಿದ್ದನ್ನು ಒಡೆಯನೂ ಮನ್ನಿಸಲಾರನೆಂದಾಯಿತು.

ಮೂರನೆಯದು, ಎಲ್ಲಕ್ಕಿಂತ ಹಳೆಯದು. 1872ರ ಕರಾರು ಕಾಯಿದೆಯ 28ನೆಯ ಕಲಮು, ನ್ಯಾಯಸ್ಥಾನದ ಬಾಗಿಲನ್ನೇ ಪೂರ್ಣವಾಗಿ ಮುಚ್ಚುವ ಕರಾರನ್ನು ಶೂನ್ಯವೆಂದು ಸಾರುತ್ತದೆ. ‘ಇಷ್ಟು ದಿನದೊಳಗೆ ಕೇಳದಿದ್ದರೆ ನಿನ್ನ ಹಕ್ಕೇ ಅಳಿಯಿತು’ ಎಂಬ ಬಗೆಯ ಕಲಮುಗಳನ್ನೂ 1997ರ ತಿದ್ದುಪಡಿ ಅದೇ ಸಾಲಿಗೆ ಸೇರಿಸಿತು. ಆದರೆ ಅದೇ ಕಾಯಿದೆಯ 63ನೆಯ ಕಲಮು, ತನಗೆ ಬರಬೇಕಾದದ್ದನ್ನು ಪೂರ್ತಿಯಾಗಿಯೋ ಅಂಶತಃವೋ ಬಿಟ್ಟುಕೊಡಲು ಅವಕಾಶವೀಯುತ್ತದೆ. ಇವೆರಡಕ್ಕೂ ವಿರೋಧವಿಲ್ಲ. ವ್ಯಾಜ್ಯ ಹುಟ್ಟಿ, ಏನು ನಷ್ಟವಾಯಿತೆಂದು ತಿಳಿದ ಮೇಲೆ, ಇಬ್ಬರೂ ಕುಳಿತು ‘ಇಷ್ಟು ಕೊಡು, ಉಳಿದದ್ದು ಬಿಟ್ಟೆ’ ಎನ್ನುವುದು ರಾಜಿ. ವ್ಯಾಪಾರ ಆರಂಭವಾಗುವ ಮೊದಲೇ, ಇನ್ನೂ ಹುಟ್ಟದ ನಷ್ಟಕ್ಕೆ ‘ಕೇಳಲಾರೆ’ ಎಂದು ಬರೆದುಕೊಡುವುದು ಕಣ್ಣು ಕಟ್ಟಿಕೊಂಡು ಬಾವಿಗೆ ಹಗ್ಗ ಬಿಟ್ಟಂತೆ.

ಇನ್ನೊಂದು ಸಂಗತಿಯನ್ನು ಹೊಟೇಲಿನ ಮಂದಿ ವಿಶೇಷವಾಗಿ ಯೋಚಿಸಬೇಕು. ತಟ್ಟೆ ತೊಳೆಯುವ ಹುಡುಗನು ‘ಕಡಮೆ ಸಂಬಳ ಸಾಕು’ ಎಂದು ಬರೆದುಕೊಟ್ಟರೂ ಅದು ನಡೆಯದೆಂದು 1948ರ ಕನಿಷ್ಠ ವೇತನ ಕಾಯಿದೆ ವಿಧಿಸಿತು. ಅದೇ ಹುಡುಗ ರಾತ್ರಿಶಾಲೆಯಲ್ಲಿ ಓದಿ, ಹತ್ತು ವರ್ಷ ದುಡಿದು, ಗಲ್ಲೆಯ ಮೇಲೆ ಕುಳಿತನೆನ್ನಿ. ಆ ದಿನದಿಂದ ಕಾಯಿದೆ ಅವನನ್ನು ವ್ಯಾಪಾರಿಯೆಂದು ಕಾಣುತ್ತದೆ. ಬಲಾಬಲದಲ್ಲಿ ಬಹಳ ಅಂತರವಿದ್ದಾಗ ಹೇರಿದ ಅನ್ಯಾಯದ ಷರತ್ತು ನಿಲ್ಲದೆಂದು 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಜಲಸಾರಿಗೆ ನಿಗಮದ ನೌಕರನ ಪ್ರಕರಣದಲ್ಲಿ ಹೇಳಿತಾದರೂ, ಇಬ್ಬರೂ ವ್ಯಾಪಾರಸ್ಥರಾಗಿದ್ದು ವ್ಯವಹಾರವೂ ವ್ಯಾಪಾರದ್ದೇ ಆಗಿದ್ದರೆ ಈ ತತ್ತ್ವ ಅನ್ವಯಿಸದೆಂದು ಅದೇ ತೀರ್ಪಿನಲ್ಲಿ ಸೂಚಿಸಿತು. ಆಳಾಗಿದ್ದಾಗ ಇದ್ದ ಕೊಡೆ ಮಾಲಿಕನಾದಾಗ ಇರುವುದಿಲ್ಲ. ಮಳೆ ಮಾತ್ರ ಒಂದೇ.

ಫ್ರಾಂಚೈಸಿಯ ಕಾಲ

ಈಗ ಮೂರನೆಯ ಕಾಗದಕ್ಕೆ ಬರೋಣ. ಹೆಸರನ್ನು ಬಾಡಿಗೆಗೆ ಕೊಡುವ ಈ ಪದ್ಧತಿ ಅಮೆರಿಕದಲ್ಲಿ ಬೆಳೆದದ್ದು. ಕೆಂಟಕಿ ಫ್ರೈಡ್ ಚಿಕನ್ನಿನ ಮೊದಲ ಫ್ರಾಂಚೈಸಿ 1952ರಲ್ಲಿ ಯೂಟಾ ರಾಜ್ಯದಲ್ಲಿ ತೆರೆಯಿತು. 1955ರಲ್ಲಿ ರೇ ಕ್ರಾಕ್ ಎಂಬವರು ಮ್ಯಾಕ್‌ಡೊನಾಲ್ಡ್ಸ್ ಹೆಸರನ್ನು ಹಿಡಿದು ಹೊರಟರು. ಭಾರತದಲ್ಲಿ ಕೆಂಟಕಿಯವರ ಮೊದಲ ಉಪಾಹಾರಗೃಹ 1995ರಲ್ಲಿ ನಮ್ಮ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿಯೇ ತೆರೆದದ್ದು. ಇಂದು ಡೊಂಬಿವಲಿ, ಕಲ್ಯಾಣಗಳಲ್ಲಿ ಪಿಜ್ಜಾ, ಬರ್ಗರುಗಳ ಫಲಕಗಳ ಜೊತೆಗೆ ಚಹ, ದೋಸೆಗಳೂ ಬ್ರಾಂಡುಗಳ ಹೆಸರಿನಲ್ಲಿ ಬಂದಿವೆ. ತಂದೆಯ ನಿವೃತ್ತಿಯ ಹಣ, ತಾಯಿಯ ಒಡವೆ ಒಟ್ಟುಗೂಡಿಸಿ ಇಂಥದೊಂದು ಹೆಸರನ್ನು ಹಿಡಿಯಬೇಕೆನ್ನುವ ತರುಣರು ನಮ್ಮ ಮನೆಗಳಲ್ಲಿಯೂ ಇದ್ದಾರೆ.

ಈ ಕರಾರುಗಳಲ್ಲಿ ಹಕ್ಕು ಬಿಡಿಸುವ ಕಲಮುಗಳು ಸಾಮಾನ್ಯವಾಗಿ ನಾಲ್ಕು ವೇಷಗಳಲ್ಲಿ ಬರುತ್ತವೆ. ‘ಲಾಭದ ವಿಷಯವಾಗಿ ಕಂಪೆನಿಯವರು ನನಗೆ ಯಾವ ಭರವಸೆಯನ್ನೂ ಕೊಟ್ಟಿಲ್ಲ’ ಎಂಬ ಒಪ್ಪಿಗೆ ಒಂದು. ಬಾಯಿಮಾತಿನಲ್ಲಿ ಹೇಳಿದ ಲೆಕ್ಕವನ್ನೆಲ್ಲ ಈ ಒಂದು ಸಾಲು ಒರಸಿಹಾಕಲೆಳಸುತ್ತದೆ. ಅವಧಿ ಮುಗಿದು ಕರಾರು ನವೀಕರಿಸುವಾಗ, ಅಥವಾ ಅಂಗಡಿಯನ್ನು ಬೇರೆಯವರಿಗೆ ವಹಿಸುವಾಗ, ‘ಈವರೆಗಿನ ಯಾವ ಬಾಕಿಯನ್ನೂ ಕೇಳುವುದಿಲ್ಲ’ ಎಂಬ ಬಿಡುಗಡೆ ಪತ್ರ ಎರಡನೆಯದು. ನಷ್ಟಪರಿಹಾರಕ್ಕೆ ಮಿತಿ ಹಾಕುವುದು ಮೂರನೆಯದು. ವ್ಯಾಜ್ಯವೇನಿದ್ದರೂ ದೂರದ ಊರಿನ ನ್ಯಾಯಸ್ಥಾನದಲ್ಲಿ ಅಥವಾ ಪಂಚಾಯಿತಿಯಲ್ಲಿ ಮಾತ್ರ ಎಂಬುದು ನಾಲ್ಕನೆಯದು. ಈ ಕೊನೆಯದನ್ನು ಕಾಯಿದೆ ಬಹುಮಟ್ಟಿಗೆ ಎತ್ತಿಹಿಡಿಯುತ್ತದೆ. ಅಧಿಕಾರವುಳ್ಳ ಹಲವು ಕೋರ್ಟುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವ ಕರಾರು ಸಲ್ಲುವುದೆಂದು 1971ರಲ್ಲಿಯೇ ಗ್ಯಾಮನ್ ಕಂಪೆನಿಯ ಪ್ರಕರಣದಲ್ಲಿ ತೀರ್ಪಾಗಿದೆ. ಅಲ್ಲಿ ಆರಿಸಿದ್ದು ಮುಂಬಯಿಯ ಕೋರ್ಟನ್ನೇ. ಪಂಚಾಯಿತಿಯನ್ನು 28ನೆಯ ಕಲಮೇ ಒಪ್ಪಿಕೊಂಡಿದೆ. ಠಾಕುರ್ಲಿಯ ಅಂಗಡಿಯವನು ತನ್ನ ಎರಡು ಲಕ್ಷದ ಡಿಪಾಜಿಟ್ಟಿಗಾಗಿ ದೆಹಲಿಗೆ ಓಡಾಡಬೇಕಾದರೆ, ಹಕ್ಕು ಕಾಗದದಲ್ಲಿ ಉಳಿದರೂ ಕೈಯಲ್ಲಿ ಉಳಿಯದು.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1970ರಲ್ಲಿ ಫ್ರಾಂಚೈಸಿಗೆಂದೇ ಒಂದು ಕಾಯಿದೆ ಮಾಡಿ 1971ರಿಂದ ಜಾರಿಗೆ ತಂದಿತು. ಹಣ ತೆಗೆದುಕೊಳ್ಳುವ ಮೊದಲು ಕಂಪೆನಿ ತನ್ನ ವಿವರಗಳನ್ನು ತಿಳಿಸಬೇಕು. ಆ ಕಾಯಿದೆಯ ರಕ್ಷಣೆಯನ್ನು ಬಿಟ್ಟುಕೊಡುವಂತೆ ಬರೆಯಿಸಿಕೊಂಡ ಷರತ್ತು ಶೂನ್ಯ. 1979ರಿಂದ ಇಡೀ ದೇಶಕ್ಕೆ ಅನ್ವಯಿಸುವ, ವಿವರ ತಿಳಿಸುವ ನಿಯಮವೂ ಅಲ್ಲಿ ಬಂದಿತು. ನಮ್ಮ ಮಾಮಲೇದಾರರ ಪರಿಶೀಲನೆಯ ಹಿಂದಿದ್ದ ವಿವೇಕವೇ ಅದರ ಹಿಂದೆಯೂ ಇದೆ. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕವಾದ ಕಾಯಿದೆ ಇಲ್ಲ. 1872ರ ಕರಾರು ಕಾಯಿದೆಯೇ ನಮಗೆ ಮುಖ್ಯ ಆಧಾರ.

ದೊಡ್ಡವರು ಏನು ಮಾಡುತ್ತಾರೆಂಬುದನ್ನೂ ನೋಡಬೇಕು. ಉತ್ತರ ಮತ್ತು ಪೂರ್ವ ಭಾರತದಲ್ಲಿ ಮ್ಯಾಕ್‌ಡೊನಾಲ್ಡ್ಸಿನ ಪಾಲುದಾರರಾಗಿದ್ದ ವಿಕ್ರಮ್ ಬಕ್ಷಿಯವರನ್ನು 2013ರಲ್ಲಿ ವ್ಯವಸ್ಥಾಪಕ ನಿರ್ದೇಶಕರ ಸ್ಥಾನದಿಂದ ಕೈಬಿಡಲಾಯಿತು. 2017ರ ಜುಲೈಯಲ್ಲಿ ಕಂಪೆನಿ ನ್ಯಾಯಮಂಡಳಿ ಅವರನ್ನು ಮರಳಿ ಕೂರಿಸಿತು; ಮುಂದಿನ ತಿಂಗಳಲ್ಲಿಯೇ 169 ಉಪಾಹಾರಗೃಹಗಳ ಫ್ರಾಂಚೈಸಿಯನ್ನು ಕಂಪೆನಿ ರದ್ದುಮಾಡಿತು; ಲಂಡನ್ನಿನ ಪಂಚಾಯಿತಿಯವರೆಗೂ ವ್ಯಾಜ್ಯ ಹೋಯಿತು. ಕೊನೆಗೆ 2019ರ ಮೇ ತಿಂಗಳಲ್ಲಿ ರಾಜಿಯಾಗಿ, ಅವರ ಪಾಲನ್ನು ಕಂಪೆನಿ ಕೊಂಡುಕೊಂಡಿತು. ಆಗಲೂ ಹುಡ್ಕೊ ಸಂಸ್ಥೆ ತನ್ನ ಬಾಕಿಯನ್ನು ಮುಂದಿಟ್ಟು ಆ ರಾಜಿಗೆ ತಕರಾರು ತೆಗೆಯಿತು; ಇಬ್ಬರು ತಮ್ಮ ಹಕ್ಕು ಬಿಟ್ಟ ಮಾತ್ರಕ್ಕೆ ಮೂರನೆಯವನ ಹಕ್ಕು ಅಳಿಯದಷ್ಟೆ. ಆರು ವರ್ಷ ಹೋರಾಡುವ ಶಕ್ತಿಯಿದ್ದವರು ಬೆಲೆ ಕಟ್ಟಿದ ಮೇಲೆ ತಕರಾರು ಬಿಟ್ಟರು. ನಮ್ಮ ತರುಣನಾದರೋ ಬೆಲೆ ತಿಳಿಯುವ ಮೊದಲೇ ಬಿಟ್ಟುಕೊಡುತ್ತಿದ್ದಾನೆ.

ನಮ್ಮ ಕರ್ತವ್ಯ

ಇದನ್ನೆಲ್ಲ ಓದಿ ವ್ಯಾಪಾರವೇ ಬೇಡವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಹಿಂಜರಿದಿದ್ದರೆ ನಮ್ಮ ಹಿರಿಯರು ಹಡಗು ಹತ್ತುತ್ತಿರಲಿಲ್ಲ. ಮಾಡಬೇಕಾದ ಕೆಲಸಗಳು ಸಣ್ಣವು. ಸಹಿ ಹಾಕುವ ಮೊದಲು ಕರಾರನ್ನು ಮನೆಗೆ ತಂದು, ಗೊತ್ತಿದ್ದವರಿಂದ ಪ್ರತಿಯೊಂದು ಕಲಮನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಬೇಕು. ಬಾಯಿಯಲ್ಲಿ ಕೊಟ್ಟ ಭರವಸೆಯನ್ನು ಬರಹದಲ್ಲಿ ಕೇಳಬೇಕು. ಬರೆದುಕೊಡದಿದ್ದರೆ ಅದೇ ಒಂದು ಉತ್ತರವೆಂದು ತಿಳಿಯಬೇಕು. ಬರಿಯ ಕಾಗದಕ್ಕೆ, ಬೀಗರೇ ಕೇಳಿದರೂ, ಸಹಿ ಮಾಡಬಾರದು. ಜಾಗದ ಬಾಡಿಗೆ ಅಥವಾ ಲೈಸೆನ್ಸಿನ ಕರಾರನ್ನು ನೋಂದಾಯಿಸತಕ್ಕದ್ದು. 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವ ಮಹಾರಾಷ್ಟ್ರ ಬಾಡಿಗೆ ಕಾಯಿದೆಯ 55ನೆಯ ಕಲಮು ಆ ಹೊಣೆಯನ್ನು ಒಡೆಯನ ಮೇಲೆಯೇ ಹೊರಿಸಿದೆ. ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದೇ ಆದರೆ, ಬರಬೇಕಾದ ಬಾಕಿಯ ಲೆಕ್ಕವನ್ನು ಮೊದಲು ಬರೆದಿಟ್ಟು, ಏನನ್ನು ಬಿಡುತ್ತಿದ್ದೇವೆಂದು ತಿಳಿದು ಬಿಡಬೇಕು. ಇದೇ ಮಾತು ನಮ್ಮಲ್ಲಿ ಮಾಲಿಕರಾದವರಿಗೂ ಸಲ್ಲುತ್ತದೆ. ಎದುರಿನವನಿಗೆ ಓದಿ ಹೇಳಿ ಪಡೆದ ಸಹಿ ಕೋರ್ಟಿನಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ.

ನಮ್ಮ ಸಂಘಗಳಲ್ಲಿ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ನಿವೃತ್ತರಾದ ಹೊಟೇಲಿಗರಿದ್ದಾರೆ. ಹಿಂದೆ ಹೊಟೇಲಿನ ಹುಡುಗರಿಗೆ ಅಕ್ಷರ ಕಲಿಸಲು ರಾತ್ರಿಶಾಲೆಗಳನ್ನು ನಡೆಸಿದ ಜನ ನಾವು. ತಿಂಗಳಿಗೆ ಒಂದು ಭಾನುವಾರ, ಒಂದು ಮೇಜು, ಎರಡು ಕುರ್ಚಿ ಹಾಕಿ, ಕರಾರು ಹಿಡಿದು ಬಂದವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆ ಮಾಡುವುದು ನಮ್ಮ ಶಕ್ತಿಗೆ ಮೀರಿದ್ದಲ್ಲ. ಕನ್ನಡ ಬದುಕಬೇಕೆಂದು ಪ್ರತಿವರ್ಷ ಹೇಳುತ್ತೇವೆ. ಬದುಕಿನ ಕಾಗದಗಳನ್ನು ಓದುವ ಹೊತ್ತಿಗೂ ಅದು ನಮ್ಮ ಕೈಗೆ ಬರಲಿ.